ಮಗಳ ದವಡೆ ‘ಟಕ್’ ಎನ್ನುತ್ತದೆ, ಕ್ಲಿಪ್ ಹಾಕಿಸಿದರೆ ನಿಲ್ಲುತ್ತದೆಯೇ?

ಕಾಳಿದಂಡೆ (ಶನಿವಾರ, ರಾತ್ರಿ 9.40)

ನಾವು ಕಾರವಾರದವರು. ಮಗಳಿಗೆ 14 ವರ್ಷ, ಒಂಬತ್ತನೆಯ ತರಗತಿ. ಮೂರು ತಿಂಗಳಿಂದ ಆಕಳಿಸುವಾಗ, ದೊಡ್ಡ ತುತ್ತು ಬಾಯಿಗಿಡುವಾಗ ಅವಳ ಬಲಗಿವಿಯ ಮುಂದೆ ‘ಟಕ್’ ಎಂದು ಸದ್ದಾಗುತ್ತದೆ. ಎದುರಿಗೆ ಊಟಕ್ಕೆ ಕುಳಿತ ನನಗೂ ಕೇಳಿಸುತ್ತದೆ. ಮೊದಮೊದಲು ಅವಳಿಗೆ ಅದೊಂದು ಆಟವಾಗಿತ್ತು. ಮಲಗಿದ ತಮ್ಮನ ಕಿವಿಯ ಬಳಿ ಬಾಯಿ ತಂದು ಟಕ್ ಎನಿಸಿ ಓಡುತ್ತಿದ್ದಳು. ಒಂದು ತಿಂಗಳಿಂದ ಆಟ ನಿಂತಿದೆ. ಬೆಳಿಗ್ಗೆ ಏಳುವಾಗ ದವಡೆ ಬಿಗಿದುಕೊಂಡಿರುತ್ತದೆ, ಕೆನ್ನೆಯಿಂದ ಕಣತಲೆಯವರೆಗೆ ನೋವು ಎನ್ನುತ್ತಾಳೆ.

ಅತ್ತೆಯವರು ಮಂಗನಬಾವು ಎಂದು ಹೇಳಿ ಏನೋ ಲೇಪ ಹಚ್ಚಿದರು. ಕಿವಿಯ ವೈದ್ಯರು ನೋಡಿ ಕಿವಿ ಚೆನ್ನಾಗಿದೆ, ಹಲ್ಲಿನವರಿಗೆ ತೋರಿಸಿ ಎಂದರು. ಹಲ್ಲಿನ ವೈದ್ಯರೊಬ್ಬರು (ಹೆಸರು ಬೇಡ) ಎಕ್ಸ್-ರೇ ನೋಡಿ, ಹಲ್ಲುಗಳು ಸರಿಯಾಗಿ ಕೂಡುತ್ತಿಲ್ಲ, ಅದಕ್ಕೇ ಕೀಲು ಜಾರುತ್ತಿದೆ, ನಾಲ್ಕು ಹಲ್ಲು ಕಿತ್ತು ಎರಡು ವರ್ಷ ಕ್ಲಿಪ್ ಹಾಕಿದರೆ ದವಡೆಯೂ ನೆಟ್ಟಗಾಗುತ್ತದೆ ಎಂದರು. ತಡಮಾಡಿದರೆ ಮುಂದೆ ಬಾಯಿ ತೆರೆಯುವುದೇ ಕಷ್ಟವಾಗಬಹುದಂತೆ. 65,000 ರೂಪಾಯಿ. ಸೋಮವಾರ ಮುಂಗಡ ಕೊಡಬೇಕು.

ಹಲ್ಲು ಅಷ್ಟೇನೂ ವಕ್ರವಾಗಿಲ್ಲ. ಕೆಳಗಿನ ಎರಡು ಮಾತ್ರ ಒಂದಕ್ಕೊಂದು ಒರಗಿಕೊಂಡಿವೆ. ಹಣವನ್ನು ಹೇಗೋ ಹೊಂದಿಸಬಹುದು, ಆದರೆ ಗಟ್ಟಿಮುಟ್ಟಾದ ನಾಲ್ಕು ಹಲ್ಲು ಕೀಳಿಸಲು ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ಹೇಳಿ.

ಇಶಾಡಮಾವು (ರಾತ್ರಿ 9.52)

ಸೋಮವಾರ ಮುಂಗಡ ಕೊಡಬೇಡಿ. ಇನ್ನೊಬ್ಬರಿಗೆ ತೋರಿಸಿ. ಕಿತ್ತ ಹಲ್ಲನ್ನು ಯಾರೂ ಮರಳಿ ನೆಡುವುದಿಲ್ಲ.

ಬೈತಕೋಲದ ಗಾಳಿ (ರಾತ್ರಿ 10.05)

ಕೊಡಿ ಎನ್ನುತ್ತೇನೆ ನಾನು. ನಮ್ಮ ಹುಡುಗನದ್ದೂ ಇದೇ ಕಥೆ, ಇದೇ ಟಕ್ ಟಕ್. ಹದಿನೈದಕ್ಕೆ ಕ್ಲಿಪ್ ಹಾಕಿಸಿದೆವು, ನಾಲ್ಕೇ ತಿಂಗಳಲ್ಲಿ ನೋವು ಮಾಯ. ಈಗ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ಹಲ್ಲು ಮುತ್ತಿನಂತಿದೆ. ವೈದ್ಯರು ಹೇಳಿದ್ದಕ್ಕೆಲ್ಲ ಅನುಮಾನ ಪಡುತ್ತ ಕುಳಿತರೆ ಯಾವ ರೋಗ ವಾಸಿಯಾದೀತು?

ದೇವಿಮನೆ ತಿರುವು (ರಾತ್ರಿ 10.11)

ಅಣ್ಣ, ಅಜ್ಜಿಯ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದಂತಾಯಿತು. ನನ್ನ ತಂಗಿಗೂ ಹೈಸ್ಕೂಲಿನಲ್ಲಿ ಹೀಗೇ ಆಗುತ್ತಿತ್ತು. ಅಪ್ಪನ ಬಳಿ ಹಣ ಇರಲಿಲ್ಲವಾದ್ದರಿಂದ ಏನನ್ನೂ ಹಾಕಿಸಲಿಲ್ಲ. ಅವಳ ನೋವೂ ನಾಲ್ಕೈದು ತಿಂಗಳಲ್ಲಿ ಹೋಯಿತು. ಹಾಗಾದರೆ ಬಡತನವೇ ಔಷಧಿ ಎನ್ನೋಣವೇ?

ಬೈತಕೋಲದ ಗಾಳಿ (ರಾತ್ರಿ 10.14)

ತಮಾಷೆ ಸಾಕು. ಅನುಭವದ ಮಾತು ಹೇಳಿದ್ದೇನೆ.

ಮೂಲೆಹಲ್ಲು (ರಾತ್ರಿ 10.50)

ಹಲ್ಲಿಗೆ ತಂತಿ ಹಾಕುವುದೇ ನನ್ನ ಹೊಟ್ಟೆಪಾಡು. ಊರು ಶಿರಸಿ ಸೀಮೆ, ಕೆಲಸ ಹೊರಗೆ. ಆದ್ದರಿಂದ ಈ ಮಾತನ್ನು ನನ್ನ ವ್ಯಾಪಾರಕ್ಕೆ ವಿರುದ್ಧವಾಗಿಯೇ ಹೇಳುತ್ತಿದ್ದೇನೆ ಎಂದುಕೊಳ್ಳಿ. ದವಡೆ ಕೀಲಿನ ನೋವಿಗೆ ಕ್ಲಿಪ್ ಮದ್ದಲ್ಲ. ಹಲ್ಲಿನ ಜೋಡಣೆಗೆ ಬೇಕಿದ್ದರೆ ಹಾಕಿಸಿ, ಅದು ಬೇರೆ ಲೆಕ್ಕ.

ಮೊದಲು ಆ ಸದ್ದು ಎಲ್ಲಿಂದ ಬರುತ್ತದೆ ನೋಡಿ. ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆಯಿರಿ, ಏನೋ ಉರುಳಿ ಮುಂದೆ ಬಂದಂತಾಗುತ್ತದೆ. ಅದು ಕೆಳದವಡೆಯ ಗುಂಡನೆಯ ತುದಿ. ತಲೆಬುರುಡೆಯ ಕುಳಿಗೂ ಈ ತುದಿಗೂ ನಡುವೆ ಒಂದು ಮೆತ್ತನೆಯ ಬಿಲ್ಲೆ ಇದೆ. ಅಂಚು ದಪ್ಪ, ನಡುವೆ ತೆಳು, ಕೊಡದ ಕೆಳಗಿನ ಸಿಂಬೆ ಇದ್ದಂತೆ. ಕೆಲವರಲ್ಲಿ ಈ ಸಿಂಬೆ ತುಸು ಮುಂದಕ್ಕೆ ಜಾರಿರುತ್ತದೆ. ಬಾಯಿ ತೆರೆದಾಗ ದವಡೆಯ ತುದಿ ಸಿಂಬೆಯ ದಪ್ಪ ಅಂಚನ್ನು ಹತ್ತಿ ನಡುವಿಗೆ ಬಂದು ಕೂರುತ್ತದೆ. ಕೂತ ಸದ್ದೇ ಆ ಟಕ್. ಹದಿಹರೆಯದಲ್ಲಿ ಇದು ತೀರ ಸಾಮಾನ್ಯ, ಹೆಣ್ಣುಮಕ್ಕಳಲ್ಲಿ ಇನ್ನೂ ಹೆಚ್ಚು. ನೋವಿಲ್ಲದ ಟಕ್ ಇದ್ದರೆ ಅದರ ಪಾಡಿಗೆ ಅದನ್ನು ಬಿಟ್ಟುಬಿಡುತ್ತೇವೆ. ಬಹುಪಾಲು ದವಡೆಗಳು ವರ್ಷಾನುಗಟ್ಟಲೆ ಟಕ್ ಎನ್ನುತ್ತಲೇ ಇರುತ್ತವೆ, ಎಂದೂ ಸಿಕ್ಕಿಕೊಳ್ಳುವುದಿಲ್ಲ.

ಬೆಳಗಿನ ಬಿಗಿತ, ಕಣತಲೆಯ ನೋವು ಕೇಳಿದರೆ ಇದು ಹೆಚ್ಚಾಗಿ ಕೀಲಿಗಿಂತ ಸ್ನಾಯುವಿನ ದೂರು ಎನಿಸುತ್ತದೆ. ನೋಡದೆ ಖಚಿತವಾಗಿ ಹೇಳಲಾರೆ. ಇಷ್ಟಕ್ಕೆ ಉತ್ತರ ಕೊಡಿ. ಅವಳದ್ದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಯೊಳಗೆ ಇಡಲು ಆಗುತ್ತದೆಯೇ? ಬಾಯಿ ಎಂದಾದರೂ ಅರ್ಧಕ್ಕೆ ಸಿಕ್ಕಿಕೊಂಡಿದೆಯೇ? ಚಿಕ್ಕಂದಿನಲ್ಲಿ ಗದ್ದಕ್ಕೆ ಪೆಟ್ಟಾಗಿತ್ತೇ? ಮಂಡಿ, ಮಣಿಕಟ್ಟು ಊದುತ್ತವೆಯೇ? ಉಗುರು ಕಚ್ಚುವುದು, ಚ್ಯೂಯಿಂಗ್ ಗಮ್, ಹಲ್ಲು ಕಡಿಯುವುದು ಇದೆಯೇ?

ಕಾಳಿದಂಡೆ (ರಾತ್ರಿ 11.20)

ತುಂಬಾ ಉಪಕಾರವಾಯಿತು ಡಾಕ್ಟರೇ. ಮಲಗಿದವಳನ್ನು ಎಬ್ಬಿಸಿ ಮೂರು ಬೆರಳು ಇಡಿಸಿದೆ, ಸ್ವಲ್ಪ ಬಿಗಿಯಾಗಿ ಹೋಗುತ್ತವೆ. ಬೈದುಕೊಂಡು ಮತ್ತೆ ಮಲಗಿದಳು. ಸಿಕ್ಕಿಕೊಂಡಿಲ್ಲ, ಬಿದ್ದಿಲ್ಲ, ಕೀಲು ಊದಿಲ್ಲ. ಉಗುರಿನ ಬದಲು ಪೆನ್ನಿನ ಮುಚ್ಚಳ ಕಡಿಯುತ್ತಾಳೆ. ಅವಳ ಕಂಪಾಸ್ ಪೆಟ್ಟಿಗೆ ತೆಗೆದು ನೋಡಿದೆ, ಆರು ಪೆನ್ನು ಇವೆ, ಒಂದರ ಮುಚ್ಚಳವೂ ನೆಟ್ಟಗಿಲ್ಲ. ನೀಲಿಯದ್ದು ಜಗಿದ ಕಬ್ಬಿನ ಸಿಪ್ಪೆಯಂತಾಗಿದೆ.

ದೇವಿಮನೆ ತಿರುವು (ರಾತ್ರಿ 11.24)

ಸಿಕ್ಕಿಬಿದ್ದ ಕಳ್ಳ!

ಪಿಯು ಎರಡನೇ ವರ್ಷ (ಭಾನುವಾರ, ಬೆಳಿಗ್ಗೆ 7.15)

ಆಂಟಿ, ನಾನು ಹೊನ್ನಾವರದವಳು. ಕ್ಲಿಪ್ ಹಾಕಿಸಿಕೊಂಡು 22 ತಿಂಗಳು ಇಟ್ಟುಕೊಂಡು ಹೋದ ವರ್ಷ ತೆಗೆಸಿದ್ದೇನೆ. ಹಲ್ಲು ಸಾಲಾಗಿ ಬಂದಿದೆ, ನಗಲು ನಾಚಿಕೆ ಇಲ್ಲ, ಅದಕ್ಕೆ ಸಂತೋಷವಿದೆ. ಆದರೆ ಟಕ್ ಸದ್ದು ಮೊದಲೂ ಇತ್ತು, ಕ್ಲಿಪ್ ಇದ್ದಾಗಲೂ ಇತ್ತು, ಈಗಲೂ ಇದೆ. ನನ್ನ ನೋವು ಬರುವುದು ಪರೀಕ್ಷೆಯ ಸಮಯದಲ್ಲಿ. ಭೌತಶಾಸ್ತ್ರದ ಲೆಕ್ಕ ಮಾಡುವಾಗ ನಾನು ಹಲ್ಲು ಬಿಗಿಹಿಡಿದು ಕೂತಿರುತ್ತೇನೆ ಎಂದು ನಮ್ಮ ಅಣ್ಣ ಹೇಳುವವರೆಗೆ ನನಗೇ ಗೊತ್ತಿರಲಿಲ್ಲ. ಈಗ ಮೇಜಿನ ಮುಂದೆ ‘ಹಲ್ಲು ಬಿಡು’ ಎಂದು ಚೀಟಿ ಅಂಟಿಸಿಕೊಂಡಿದ್ದೇನೆ. ಮನೆಗೆ ಬಂದವರೆಲ್ಲ ಅದನ್ನು ಓದಿ ನಗುತ್ತಾರೆ. ನಗಲಿ.

ಮೂಲೆಹಲ್ಲು (ಬೆಳಿಗ್ಗೆ 7.40)

ಆ ಚೀಟಿಗೆ ನನ್ನ ಪೂರ್ತಿ ಅಂಕ, ತಂಗಿ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಗೆ ಮೇಲಿನ ಅಂಗುಳಕ್ಕೆ ಹಗುರಾಗಿ ತಾಗಿರಲಿ. ಸುಮ್ಮನಿರುವ ದವಡೆ ಇರಬೇಕಾದ ರೀತಿಯೇ ಅದು. ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ತಾಗಬೇಕಾದ್ದು ಜಗಿಯುವಾಗ, ನುಂಗುವಾಗ. ಉಳಿದ ಹೊತ್ತು ಅವಕ್ಕೆ ರಜೆ.

ಬೈತಕೋಲದ ಗಾಳಿ (ಬೆಳಿಗ್ಗೆ 8.30)

ಡಾಕ್ಟರೇ, ಹಾಗಾದರೆ ನನ್ನ ಮಗನ ನೋವು ಹೋದದ್ದು ಸುಳ್ಳೇ?

ಮೂಲೆಹಲ್ಲು (ಬೆಳಿಗ್ಗೆ 8.55)

ಖಂಡಿತ ಸುಳ್ಳಲ್ಲ. ಈ ನೋವಿನ ಸ್ವಭಾವವೇ ಬಂದು ಹೋಗುವುದು. ನೋವು ತಾರಕಕ್ಕೇರಿದಾಗಲೇ ನಾವು ವೈದ್ಯರ ಬಾಗಿಲು ತಟ್ಟುವುದು, ಅಲ್ಲಿಂದ ಮುಂದೆ ಅದು ಇಳಿಯಲೇಬೇಕು. ಆ ಹೊತ್ತಿಗೆ ಏನು ಮಾಡಿದ್ದೆವೋ ಅದಕ್ಕೆ ಹೆಸರು ಸಿಗುತ್ತದೆ. ಮೇಲಾಗಿ ಹೊಸ ಕ್ಲಿಪ್ ಹಾಕಿದ ಹುಡುಗ ಚಕ್ಕುಲಿ ಬಿಟ್ಟು ಗಂಜಿ ಉಣ್ಣುತ್ತಾನೆ, ದವಡೆಗೆ ವಿಶ್ರಾಂತಿ ಸಿಕ್ಕಿರಲೂಬಹುದು. ಆ ವಿಶ್ರಾಂತಿಯನ್ನು ಹಲ್ಲು ಕೀಳದೆಯೂ ಕೊಡಬಹುದು ಎಂಬುದಷ್ಟೇ ನನ್ನ ವಾದ.

ಹಳೆಯ ಕಟ್ಟು (ಬೆಳಿಗ್ಗೆ 10.10)

ಈ ಜಗಳಕ್ಕೆ ತೊಂಬತ್ತು ವರ್ಷ ದಾಟಿದೆ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಜೇಮ್ಸ್ ಕಾಸ್ಟನ್ ಎಂಬ ಕಿವಿ-ಗಂಟಲು ವೈದ್ಯರು ಹನ್ನೊಂದು ರೋಗಿಗಳನ್ನು ನೋಡಿ, ಕಿವಿನೋವು, ತಲೆನೋವು, ದವಡೆನೋವಿಗೆಲ್ಲ ಹಲ್ಲುಗಳ ಕೂಡುವಿಕೆ ಕೆಟ್ಟಿರುವುದೇ ಕಾರಣ ಎಂದು ಬರೆದರು. ಕೇವಲ ಹನ್ನೊಂದು ಜನ! ಅಲ್ಲಿಂದ ದಶಕಗಟ್ಟಲೆ ಹಲ್ಲು ಉಜ್ಜಿ, ಕಿತ್ತು, ಸರಿಸಿ ದವಡೆಯ ನೋವು ತೆಗೆಯುವ ಉತ್ಸಾಹ ನಡೆಯಿತು. 1987ರಲ್ಲಿ ಗಾಳಿ ಪೂರ್ತಿ ತಿರುಗಿತು. ಮಿಷಿಗನ್ನಿನ ನ್ಯಾಯಾಲಯವೊಂದರಲ್ಲಿ, ಹಲ್ಲು ಕಿತ್ತು ಕ್ಲಿಪ್ ಹಾಕಿದ್ದರಿಂದಲೇ ದವಡೆಯ ಕೀಲು ಕೆಟ್ಟಿತು ಎಂದು ಹದಿಹರೆಯದ ಹುಡುಗಿಯ ಪರ ತೀರ್ಪು ಬಂತು. ಕ್ಲಿಪ್ ಹಾಕುವವರ ಸಂಘ ಗಾಬರಿಬಿದ್ದು ಸಂಶೋಧನೆಗೆ ಹಣ ಸುರಿಯಿತು. ಮುಂದೆ ಹೊರಬಂದ ಅಧ್ಯಯನಗಳ ತಾತ್ಪರ್ಯ ಇಷ್ಟು. ಕ್ಲಿಪ್ ಈ ರೋಗವನ್ನು ತರುವುದೂ ಇಲ್ಲ, ತಡೆಯುವುದೂ ಇಲ್ಲ. ಎರಡೂ ಕಡೆಯವರ ಮುಖ ಸಪ್ಪಗಾಯಿತು.

ಮೂಲೆಹಲ್ಲು (ಬೆಳಿಗ್ಗೆ 10.35)

ಚೆನ್ನಾಗಿ ಹೇಳಿದಿರಿ. ಇದಕ್ಕೆ ಇನ್ನೊಂದು ಸೇರಿಸುತ್ತೇನೆ. 2010ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಒರೆಗೆ ಹಚ್ಚುವ ಕಾಕ್ರೇನ್ ಎಂಬ ಸಂಸ್ಥೆಯವರು ದವಡೆ ಕೀಲಿನ ತೊಂದರೆಗೆ ಕ್ಲಿಪ್ ಚಿಕಿತ್ಸೆ ಎಂಬ ವಿಷಯದಲ್ಲಿ ನಡೆದ ಪ್ರಯೋಗಗಳನ್ನೆಲ್ಲ ಜಾಲಾಡಿದರು. ಅವರ ಒರೆಗಲ್ಲಿಗೆ ನಿಲ್ಲುವ ಒಂದು ಪ್ರಯೋಗವೂ ಸಿಗಲಿಲ್ಲ. ಅಷ್ಟು ತೆಳುವಾದ ಆಧಾರದ ಮೇಲೆ ನಾಲ್ಕು ಹಲ್ಲು ಕೀಳುವುದು ನನಗೆ ಸರಿ ಕಾಣುವುದಿಲ್ಲ.

ಹಾಗೆಂದು ದವಡೆ ಟಕ್ ಎನ್ನುವ ಮಕ್ಕಳಿಗೆ ಕ್ಲಿಪ್ ಹಾಕಲೇಬಾರದು ಎಂದೂ ಇಲ್ಲ. ಒಂದು ಬದಿಯ ಮೇಲಿನ ಹಲ್ಲುಗಳು ಕೆಳಗಿನವುಗಳ ಒಳಗೆ ಕೂತು, ಬಾಯಿ ಮುಚ್ಚುವಾಗ ದವಡೆಯೇ ಪಕ್ಕಕ್ಕೆ ಸರಿಯುವ ಮಕ್ಕಳಿದ್ದಾರೆ. ಅದನ್ನು ಬೆಳೆಯುವ ವಯಸ್ಸಿನಲ್ಲೇ ತಿದ್ದಬೇಕು. ನೋವು ಇರುವಾಗ ಮಾತ್ರ ಶುರುಮಾಡಬಾರದು. ಮೊದಲು ನೋವು ತಣಿಯಲಿ, ಆಮೇಲೆ ತಂತಿ.

ಜಾತ್ರೆತೇರು (ಮಧ್ಯಾಹ್ನ 12.20)

ಶಿರಸಿಯಿಂದ. ಎಲ್ಲರೂ ಕೀಲು ಕೀಲು ಎನ್ನುತ್ತಿದ್ದೀರಿ, ಬಾಯಿಯ ಒಳಗೂ ಬ್ಯಾಟರಿ ಹಾಕಿ ನೋಡಿ. ನಮ್ಮ ಸಂಬಂಧಿಕರ ಹುಡುಗನಿಗೆ 17 ವರ್ಷ. ಬಾಯಿ ಎರಡೇ ಬೆರಳು ತೆರೆಯುತ್ತಿತ್ತು. ಆರು ತಿಂಗಳು ದವಡೆಯ ವ್ಯಾಯಾಮ ಮಾಡಿಸಿದರು. ಹಸಿಮೆಣಸು ತಾಗಿದರೆ ಬಾಯಿ ಉರಿ ಎನ್ನುತ್ತಿದ್ದ, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಒಬ್ಬ ವೈದ್ಯೆ ಕೆನ್ನೆಯ ಒಳಗೆ ಬೆರಳಾಡಿಸಿ, ‘ಇದು ಚರ್ಮವೋ ಚಪ್ಪಲಿಯೋ?’ ಎಂದು ಕೇಳಿದರಂತೆ. ಬೆಳ್ಳಗೆ, ಬಿಗಿಯಾಗಿ ಪಟ್ಟಿ ಕಟ್ಟಿತ್ತು. ಬ್ಯಾಗು ಜಾಡಿಸಿದರೆ ಸಿಹಿ ಸುಪಾರಿ ಪೊಟ್ಟಣದ ಚೂರುಗಳು.

ಮೂಲೆಹಲ್ಲು (ಮಧ್ಯಾಹ್ನ 12.31)

ಇದು ಬಹಳ ಮುಖ್ಯವಾದ ಮಾತು. ಅಡಿಕೆ ಜಗಿಯುವುದರಿಂದ ಬಾಯಿಯ ಒಳಪದರ ನಾರುಗಟ್ಟುತ್ತದೆ. ಕೀಲು ಸರಿಯಾಗಿಯೇ ಇರುತ್ತದೆ, ಬಾಯಿ ತೆರೆಯುವುದಿಲ್ಲ. ಅಲ್ಲಿ ಕ್ಲಿಪ್‌ನ ಮಾತೇ ಬರಬಾರದು. ಮುಂದೆ ಕ್ಯಾನ್ಸರ್ ಆಗುವ ಅಪಾಯವಿದೆ, ಕೂಡಲೇ ತೋರಿಸಬೇಕು.

ಸಿಪ್ಪೆಗೋಟು (ಮಧ್ಯಾಹ್ನ 1.05)

ಬಂತಲ್ಲ ಅಡಿಕೆಯ ತಲೆಗೆ! ನಮ್ಮ ಅಜ್ಜ ಎಂಬತ್ತೆಂಟರವರೆಗೆ ದಿನಕ್ಕೆ ಹತ್ತು ಕವಳ ಹಾಕಿದವರು, ಕಬ್ಬು ಹಲ್ಲಿನಲ್ಲೇ ಸುಲಿಯುತ್ತಿದ್ದರು. ಪೊಟ್ಟಣದಲ್ಲಿ ಕಂಪನಿಯವರು ಏನೇನೋ ಬೆರೆಸಿದ ಪಾಪವನ್ನು ಬೆಳೆಗಾರನ ತಲೆಗೆ ಕಟ್ಟಬೇಡಿ. ಶಿರಸಿಯವರೇ ಹೀಗೆ ಬರೆದರೆ ಉಣ್ಣುವ ಅನ್ನಕ್ಕೆ ಮಣ್ಣು ಹಾಕಿದಂತೆ.

ಜಾತ್ರೆತೇರು (ಮಧ್ಯಾಹ್ನ 1.12)

ನಮ್ಮದೂ ಎರಡು ಎಕರೆ ತೋಟವಿದೆ, ಭಾವ. ಅಡಿಕೆ ಮಾರುತ್ತೇನೆ, ಮಗನಿಗೆ ತಿನ್ನಿಸುವುದಿಲ್ಲ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಈಗ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಬೆರೆಸುವ ಕೆಲಸವನ್ನು ಗಿರಾಕಿಗೇ ಬಿಟ್ಟಿದ್ದಾರೆ, ಅಷ್ಟೇ ಸುಧಾರಣೆ.

ಹಳೆಯ ಕಟ್ಟು (ಮಧ್ಯಾಹ್ನ 1.30)

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಬರೀ ಅಡಿಕೆಯನ್ನೇ, ತಂಬಾಕು ಇಲ್ಲದೆಯೂ, ಕ್ಯಾನ್ಸರ್‌ಕಾರಕ ಎಂದು ಪಟ್ಟಿಮಾಡಿದೆ. ಅಜ್ಜನ ಹಲ್ಲಿಗೆ ನನ್ನ ನಮಸ್ಕಾರ.

ಸಿಪ್ಪೆಗೋಟು (ಮಧ್ಯಾಹ್ನ 1.34)

ದರ ಬಿದ್ದಾಗ ಮಾತ್ರ ನಿಮಗ್ಯಾರಿಗೂ ನಮ್ಮ ನೆನಪಾಗುವುದಿಲ್ಲ.

ಇಶಾಡಮಾವು (ಮಧ್ಯಾಹ್ನ 1.36)

ಪಾಪ, ಆ ತಾಯಿ ಕೇಳಿದ್ದು ದವಡೆಯ ಬಗ್ಗೆ ಮಾರಾಯರೇ.

ಚಿರೆಕಲ್ಲು (ಮಧ್ಯಾಹ್ನ 3.00)

ಗದ್ದದ ಪೆಟ್ಟಿನ ಬಗ್ಗೆ ಡಾಕ್ಟರು ಕೇಳಿದ್ದನ್ನು ಯಾರೂ ಹಗುರಾಗಿ ತೆಗೆದುಕೊಳ್ಳಬೇಡಿ. ನಾನು ಆರನೆಯ ವಯಸ್ಸಿನಲ್ಲಿ ಅಂಗಳದ ಚಿರೆಕಲ್ಲಿನ ಮೆಟ್ಟಿಲ ಮೇಲೆ ಗದ್ದ ಊರಿ ಬಿದ್ದೆ. ಗದ್ದಕ್ಕೆ ನಾಲ್ಕು ಹೊಲಿಗೆ ಹಾಕಿ ಕಳಿಸಿದರು. ಒಳಗೆ ಕಿವಿಯ ಹತ್ತಿರ ಮೂಳೆ ಮುರಿದದ್ದು ಯಾರಿಗೂ ಹೊಳೆಯಲಿಲ್ಲ. ವರ್ಷಗಳು ಕಳೆದಂತೆ ಬಾಯಿ ತೆರೆಯುವುದು ಕಡಿಮೆಯಾಗುತ್ತ ಬಂತು, ಗದ್ದ ಎಡಕ್ಕೆ ವಾಲಿತು. ಶಾಲೆಯಲ್ಲಿ ಹುಡುಗರು ಇಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹದಿನಾರಕ್ಕೆ ಶಸ್ತ್ರಚಿಕಿತ್ಸೆಯಾಯಿತು, ಕೀಲು ಮೂಳೆಗೆ ಬೆಸೆದುಕೊಂಡಿತ್ತು. ಆಮೇಲೆ ಐಸ್‌ಕ್ರೀಮ್ ಕಡ್ಡಿಗಳನ್ನು ಹಲ್ಲಿನ ನಡುವೆ ಒಂದೊಂದಾಗಿ ಸೇರಿಸುತ್ತ ಬಾಯಿ ತೆರೆಯುವ ವ್ಯಾಯಾಮ. ಹನ್ನೊಂದನೆಯ ಕಡ್ಡಿ ಒಳಗೆ ಹೋದ ದಿನ ಅಮ್ಮ ಅತ್ತಳು. ಕ್ಲಿಪ್ ಹಾಕಿದ್ದು ಅದೆಲ್ಲ ಮುಗಿದ ಮೇಲೆ.

ಪಿಯು ಎರಡನೇ ವರ್ಷ (ಮಧ್ಯಾಹ್ನ 3.08)

ಓದಿ ಸುಮ್ಮನೆ ಕೂತುಬಿಟ್ಟೆ ಅಣ್ಣ.

ತೆಳ್ಳೇವು (ಸಂಜೆ 4.45)

ನನ್ನದೂ ಒಂದು ಇದೆ. ಮಗನಿಗೆ ಹನ್ನೆರಡು ವರ್ಷವಾಗಿದ್ದಾಗ ಗದ್ದ ಹಿಂದೆ ಸರಿದಂತೆ ಕಾಣುತ್ತಿತ್ತು, ಬಾಯಿ ತೆರೆದರೆ ಒಂದು ಬದಿಗೆ ಓಡುತ್ತಿತ್ತು. ನೋವು ಎಂದು ಒಂದು ದಿನವೂ ಅಳಲಿಲ್ಲ. ಹಲ್ಲು ಸರಿಪಡಿಸೋಣ ಎಂದು ಹೋದರೆ ಅಲ್ಲಿದ್ದ ಯುವ ವೈದ್ಯೆ ಅವನ ಮಂಡಿಗಳನ್ನು ಮುಟ್ಟಿ ನೋಡಿ, ಬೆಳಿಗ್ಗೆ ಎದ್ದ ಕೂಡಲೇ ಕುಂಟುತ್ತಾನೆಯೇ ಎಂದು ಕೇಳಿದಳು. ಹೌದು, ಕುಂಟುತ್ತಿದ್ದ. ಶಾಲೆಗೆ ಹೋಗಲು ಸೋಮಾರಿತನ ಎಂದು ನಾನೇ ಬೈಯುತ್ತಿದ್ದೆ. ಮಕ್ಕಳಿಗೆ ಬರುವ ಸಂಧಿವಾತ ಎಂದು ಗೊತ್ತಾಯಿತು. ಅದು ದವಡೆಯ ಕೀಲನ್ನು ಸದ್ದಿಲ್ಲದೆ ತಿನ್ನುತ್ತದಂತೆ, ಬೆಳವಣಿಗೆಯನ್ನೂ ನಿಲ್ಲಿಸುತ್ತದಂತೆ. ಎಂಆರ್‌ಐ ಮಾಡಿದ ಮೇಲೆಯೇ ಕಂಡದ್ದು. ಸಂಧಿವಾತ ಔಷಧಿಯಿಂದ ಹಿಡಿತಕ್ಕೆ ಬಂದ ಮೇಲೆ ಹಲ್ಲಿನವರು ಕೈಹಾಕಿದರು, ಇಬ್ಬರು ವೈದ್ಯರೂ ಫೋನಿನಲ್ಲಿ ಮಾತಾಡಿಕೊಂಡು. ಆ ಬೈಗುಳ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೂಲೆಹಲ್ಲು (ಸಂಜೆ 5.20)

ಆ ವೈದ್ಯೆಗೆ ನನ್ನ ಪ್ರಣಾಮ. ಬಾಯಿ ನೋಡಲು ಕೂತವರು ಮಂಡಿ ಮುಟ್ಟಿದರಲ್ಲ, ಅದು ವಿದ್ಯೆ.

ಕಾಳಿದಂಡೆ (ಸಂಜೆ 6.00)

ಎಲ್ಲವನ್ನೂ ಎರಡೆರಡು ಸಲ ಓದಿದೆ. ಮುಂಗಡ ಕೊಡುವುದಿಲ್ಲ ಎಂದು ಮನೆಯಲ್ಲಿ ಹೇಳಿದ್ದೇನೆ. ಹಾಗಾದರೆ ತೋರಿಸುವುದು ಎಲ್ಲಿ? ಗೋವಾದ ಬಾಂಬೋಳಿಯೋ, ಧಾರವಾಡವೋ, ಮಣಿಪಾಲವೋ?

ದೇವಿಮನೆ ತಿರುವು (ಸಂಜೆ 6.10)

ಬಾಂಬೋಳಿ ಹತ್ತಿರ, ಅಕ್ಕ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದ ಮೇಲೆ ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಹಲ್ಲು ತಾನಾಗಿ ಬಿಗಿಯುತ್ತದೆ, ಅದು ಬೇರೆ ಮಾತು.

ಬೈತಕೋಲದ ಗಾಳಿ (ಸಂಜೆ 6.18)

ಭಾಷೆಯ ತೊಡಕಿಲ್ಲದೆ ಮಾತಾಡಬೇಕಿದ್ದರೆ ಧಾರವಾಡ. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹೋಗಿ. ಹುಬ್ಬಳ್ಳಿ–ಅಂಕೋಲಾ ರೈಲು ಬರಲಿ ಎಂದು ಕಾದರೆ ನಿಮ್ಮ ಮಗಳಿಗೆ ಬುದ್ಧಿಹಲ್ಲೂ ಬಂದು ಹೋಗಿರುತ್ತದೆ.

ಇಶಾಡಮಾವು (ಸಂಜೆ 6.21)

ಬೈತಕೋಲದವರ ಮೊದಲ ಒಪ್ಪತಕ್ಕ ಮಾತು.

ಸಿಪ್ಪೆಗೋಟು (ಸಂಜೆ 6.40)

ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಎಂದು ಕೂಗಿ ಕೂಗಿ ನಮ್ಮ ದವಡೆಗಳೇ ಸೋತವು. ಹಲ್ಲಿಗೂ ಘಟ್ಟ ಹತ್ತಬೇಕು, ಹೃದಯಕ್ಕೂ ಘಟ್ಟ ಹತ್ತಬೇಕು.

ಮೂಲೆಹಲ್ಲು (ಸಂಜೆ 7.05)

ಮೊದಲು ಅಲ್ಲಿಯೇ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಒಮ್ಮೆ ತೋರಿಸಿ, ಅವರೇ ಮುಂದಿನ ದಾರಿ ಹೇಳಬಹುದು. ಹೋಗುವವರೆಗೆ ಇಷ್ಟು ಮಾಡಿ. ಎರಡು ವಾರ ಮೆತ್ತನೆಯ ಊಟ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ದಿನಕ್ಕೆ ಎರಡು ಸಲ ಕೆನ್ನೆಗೆ ಶಾಖ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಹಿಡಿಯಲಿ, ಬಾಯಿ ಪೂರ್ತಿ ತೆರೆಯದಂತೆ. ಪೆನ್ನಿನ ಮುಚ್ಚಳಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿ. ಟಕ್ ಎನಿಸುವ ಆಟ ಬೇಡ. ಬಾಯಿ ಅರ್ಧಕ್ಕೆ ಸಿಕ್ಕಿಕೊಂಡರೆ, ಕೀಲಿನ ಮೇಲೆ ಬಾವು, ಜ್ವರ ಬಂದರೆ ಕಾಯಬೇಡಿ.

ತೆಳ್ಳೇವು (ಸಂಜೆ 7.15)

ಮೆತ್ತನೆಯ ಊಟಕ್ಕೆ ನನ್ನ ಹೆಸರೇ ಸಾಕು. ತೆಳ್ಳೇವು, ತಂಬುಳಿ ಅನ್ನ, ನೆನೆಸಿದ ಅವಲಕ್ಕಿ.

ಬೈತಕೋಲದ ಗಾಳಿ (ಸಂಜೆ 7.19)

ನಮ್ಮ ಕಡೆಯ ಮಕ್ಕಳಿಗೆ ತಂಬುಳಿ ಹಿಡಿಸದು. ಮೀನಿನ ಸಾರಿನಲ್ಲಿ ಅನ್ನ ಕಲಸಿ ಕೊಡಿ. ಮುಳ್ಳು ತೆಗೆದ ನೋಗ್ಲಿ ಬೆಣ್ಣೆಯಂತಿರುತ್ತದೆ.

ಕಾಳಿದಂಡೆ (ಐದು ವಾರಗಳ ನಂತರ, ಗುರುವಾರ ರಾತ್ರಿ 9.10)

ಮರೆತಿಲ್ಲ. ಧಾರವಾಡದ ದಂತ ಕಾಲೇಜಿಗೆ ಹೋಗಿ ಬಂದೆವು. ಸಣ್ಣ ಅಳತೆಪಟ್ಟಿ ಹಿಡಿದು ಬಾಯಿ ಎಷ್ಟು ತೆರೆಯುತ್ತದೆ ನೋಡಿದರು, 41 ಮಿಲಿಮೀಟರ್. ಕೆನ್ನೆಯ ಸ್ನಾಯುವನ್ನು ಹೆಬ್ಬೆರಳಿನಿಂದ ಒತ್ತಿದಾಗ ‘ಅದೇ ನೋವು’ ಎಂದು ಇವಳು ಕುರ್ಚಿಯಿಂದ ಎದ್ದೇಬಿಟ್ಟಳು. ಕೀಲನ್ನು ಒತ್ತಿದಾಗ ಏನೂ ಇಲ್ಲ. ನೋವು ಸ್ನಾಯುವಿನದ್ದು, ಟಕ್ ಸಿಂಬೆಯದ್ದು, ಎರಡಕ್ಕೂ ಗಂಟು ಹಾಕಬೇಡಿ ಎಂದರು. (ಸಿಂಬೆ ಎಂದು ನಾನು ಹೇಳಿದ್ದು, ಅವರು ನಕ್ಕು ತಾವೂ ಅದನ್ನೇ ಬಳಸಿದರು.) ವ್ಯಾಯಾಮ ಹೇಳಿಕೊಟ್ಟಿದ್ದಾರೆ. ನೋವು ನಿಲ್ಲದಿದ್ದರೆ ರಾತ್ರಿ ಹಾಕಿಕೊಳ್ಳಲು ಅಕ್ರಿಲಿಕ್ಕಿನ ಹಲ್ಲುಕವಚ ಮಾಡಿಕೊಡುತ್ತೇವೆ ಎಂದಿದ್ದರು, ಅದರ ಅಗತ್ಯ ಬೀಳಲಿಲ್ಲ. ಒರಗಿದ ಹಲ್ಲುಗಳಿಗೆ ಕ್ಲಿಪ್ ಬೇಕೆನಿಸಿದರೆ ಎಸ್‌ಎಸ್‌ಎಲ್‌ಸಿ ಮುಗಿಸಿ ಬನ್ನಿ, ಹಲ್ಲು ಕೀಳುವ ಪ್ರಶ್ನೆಯೇ ಇಲ್ಲ ಎಂದರು.

ಬೆಳಗಿನ ಬಿಗಿತ ಹೋಗಿ ಹತ್ತು ದಿನವಾಯಿತು. ಕಣತಲೆಯ ನೋವು ಕಳೆದ ವಾರ ಗಣಿತದ ಕಿರುಪರೀಕ್ಷೆಯ ದಿನ ಒಮ್ಮೆ ಬಂದಿತ್ತು. ಟಕ್ ಮಾತ್ರ ಹಾಗೆಯೇ ಇದೆ. ಮೊನ್ನೆಯಿಂದ ಮತ್ತೆ ತಮ್ಮನನ್ನು ಎಬ್ಬಿಸುವ ಆಟ ಶುರುವಾಗಿದೆ, ಡಾಕ್ಟರೇ ನೀವೇ ಬೈಯಬೇಕು.

ಮೂಲೆಹಲ್ಲು (ರಾತ್ರಿ 9.30)

ಬೈದಿದ್ದೇನೆ ಎಂದು ಹೇಳಿ.

ಬೈತಕೋಲದ ಗಾಳಿ (ರಾತ್ರಿ 9.44)

ಒಳ್ಳೆಯದಾಯಿತು ಅಕ್ಕ. ನಮ್ಮ ಹುಡುಗನಿಗೆ ಕ್ಲಿಪ್‌ನಿಂದಲೇ ಹೋದದ್ದು ಎಂಬ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ದೇವಿಮನೆ ತಿರುವು (ರಾತ್ರಿ 9.46)

ಕೊಕ್ಕೊಕ್ಕೋ.

ಜಾತ್ರೆತೇರು (ರಾತ್ರಿ 10.02)

ಧಾರವಾಡದಿಂದ ಬರುವಾಗ ಶಿರಸಿಯ ಮೇಲೆ ಬಂದಿದ್ದರೆ ಹುಡುಗಿಗೆ ತೊಡದೇವು ಕೊಟ್ಟು ಕಳಿಸುತ್ತಿದ್ದೆ. ಗರಿಗರಿ ಎಂದು ಹೆದರಬೇಡಿ, ಹಾಲಿನಲ್ಲಿ ನೆನೆದರೆ ದವಡೆಗೆ ಕೆಲಸವೇ ಇಲ್ಲ.